ಗುರುವಾರದ ಜರಡಿ

ಗುರುವಾರ ಹನ್ನೊಂದರಿಂದ ಒಂದರವರೆಗೆ
ಹೈಲುವೊತೊ ದ್ವೀಪದ ಗ್ರಂಥಾಲಯದಲ್ಲಿ ನಾನು
ಕಂಪ್ಯೂಟರಿಗೆ ಹೆದರುವವರ ಪಕ್ಕ ಕೂರುತ್ತೇನೆ.
ಅದಕ್ಕೆ ಸಂಬಳವಿಲ್ಲ, ಕಾಫಿ ಇದೆ.

ಇಲ್ಪೊ ಕರ್ವೋಲ ಹೆದರಿ ಬಂದವನಲ್ಲ, ಸಿಟ್ಟಾಗಿ ಬಂದವನು.
ಮೂವತ್ತು ವರ್ಷ ಫೆರಿ ದಾಟಿಸಿದ ಕೈ,
ಮೌಸಿನ ಮೇಲಿಟ್ಟರೆ ಮೌಸೇ ಕಾಣುವುದಿಲ್ಲ.
"ನೋಡು" ಅಂದ. ನೋಡಿದೆ.
ಓದದೆ ಬಿದ್ದವು: ನಾಲ್ಕು ಸಾವಿರದ ಆರುನೂರ ಹದಿನೆಂಟು.

ಕೊಲ್ಲಿಯ ಸುತ್ತ ಮಂಜುಗಡ್ಡೆ ಅಳೆಯುವವರು ಅರವತ್ತು ಜನ.
ಕಡಲು ಹೆಪ್ಪುಗಟ್ಟಿದಾಗ ತೂತು ಕೊರೆದು, ಕೋಲಿಳಿಸಿ,
ಇಷ್ಟು ದಪ್ಪ ಅಂತ ಒಬ್ಬ ಬರೆದರೆ
ಅರವತ್ತು ಮನೆಗೂ ಹೋಗುತ್ತದೆ.
ಅದು ಸರಿ.
ಆಮೇಲೆ ಒಬ್ಬ "ಧನ್ಯವಾದ" ಅನ್ನುತ್ತಾನೆ, ಅದೂ ಅರವತ್ತು ಮನೆಗೆ.
"ಎಲ್ಲರಿಗೂ ಯಾಕೆ ಕಳಿಸುತ್ತೀರಿ" ಎಂದು ಇನ್ನೊಬ್ಬ
ಎಲ್ಲರಿಗೂ ಕಳಿಸುತ್ತಾನೆ.

ಜರಡಿ ಹಿಡಿದು ಕೂತೆವು.
ತಲೆಬರಹದಲ್ಲಿ 'ಗಡ್ಡೆ' ಇದ್ದರೆ ನೀಲಿ ಕಡತ.
'ರಸ್ತೆ' ಇದ್ದರೆ (ಚಳಿಗಾಲದಲ್ಲಿ ಕಡಲ ಮೇಲೇ ನಮ್ಮ ರಸ್ತೆ) ಕೆಂಪು.
ಹಳೇ ದೋಣಿ ಮಾರಾಟಕ್ಕಿದೆ, ಕೊರೆಯುವ ಯಂತ್ರಕ್ಕೆ ಸಾಣೆ,
ದಡದಲ್ಲಿ ಸಿಕ್ಕ ಕೈಗವಸು: ಬೂದು.
ಗಾಳಿಯ ಬಗ್ಗೆ ಮೂರು ಮೂರು ಪುಟ ಬರೆಯುವ ವೈಕ್ಕೊಗೆ
ಅವನದೇ ಒಂದು ಗೂಡು.
"ಹೆಸರೇನಿಡಲಿ?"
"ಮುಂದಿನ ವರ್ಷ."

ಒಂದು ಗುಂಡಿ ಒತ್ತಿದೆ. ದಬದಬ ಉದುರಿದವು,
ಕಾಫಿಗೆ ಸಕ್ಕರೆ ಕದಡುವಷ್ಟರಲ್ಲಿ
ವರ್ಷಗಳ ಜಗಳ, ಧನ್ಯವಾದ, ಸಾಣೆ ಎಲ್ಲ ಖಾಲಿ.
ಮೇಲೆ ಉಳಿದವಳು ಒಬ್ಬಳೇ.

ರೌಹಾ. ಆಚೆ ದಡ. ಬೆಳಿಗ್ಗೆ ಆರು ಹತ್ತಕ್ಕೆ.
ತಲೆಬರಹವಿಲ್ಲ, ನಮಸ್ಕಾರವಿಲ್ಲ, ಒಂದು ಅಂಕಿ.
೪೩
೪೧
೪೧
"ಹೆಸರು ಹಿಡಿದು ನಿಯಮ ಹಾಕಬಹುದು" ಅಂದೆ.
"ಬೇಡ. ಎದುರಿಗೇ ಇರಲಿ."

ಕೆಳಗೆ ಕೆಳಗೆ ಜಾರಿಸಿದೆ, ಹಿಂದಿನ ಮಾಗಿ, ಅದರಾಚೆಯ ಬೇಸಿಗೆ.
೦
ಜೂನ್ ಪೂರ್ತಿ ೦.
ಮುಳುಗಲು ಸೂರ್ಯನಿಗೇ ಮನಸ್ಸಿಲ್ಲದ ಜುಲೈಯಲ್ಲೂ
ದಿನ ತಪ್ಪದೆ ೦.
"ಬರೀ ನೀರನ್ನೂ ಅಳೆಯುತ್ತಾಳಾ?"
"ಅಳೆಯದೆ ಸೊನ್ನೆ ಅಂತ ಹೇಗೆ ಗೊತ್ತಾಗಬೇಕು?"

ಬಸ್ಸಿನ ಹೊತ್ತಾಯಿತು. ಕೋಟಿನ ಗುಂಡಿ ಹಾಕುತ್ತ
ಗುಂಡಿಗೇ ಹೇಳುವವನಂತೆ ಕೇಳಿದ:
"ಬಂದದ್ದಕ್ಕೆಲ್ಲ ನಿಯಮ ಮಾಡಿದೆ.
ಬಾರದೆ ಹೋದರೆ?"

ಮತ್ತೆ ಪಟ್ಟಿ ತೆರೆದೆ.
ಯಾರಿಂದ ಬಂದರೆ, ಏನೆಂದು ಬಂದರೆ,
ಎಷ್ಟು ತೂಕದ್ದು ಬಂದರೆ, ಬಾಲಕ್ಕೆ ಚಿತ್ರ ಕಟ್ಟಿಕೊಂಡು ಬಂದರೆ.
ಎಲ್ಲ ಸಾಲೂ 'ಬಂದರೆ'ಗೇ ಬಂದು ನಿಲ್ಲುತ್ತಿದ್ದವು.
"ಅದಕ್ಕಿಲ್ಲ" ಅಂದೆ.
ಟೋಪಿ ಕಿವಿಗೆಳೆದುಕೊಂಡು ಹೋದ.

ಮುಂದಿನ ಗುರುವಾರ ಬಾಗಿಲು ತೆರೆಯುವ ಮೊದಲೇ ನಿಂತಿದ್ದ.
ಮಂಗಳವಾರ ಬರಲಿಲ್ಲವಂತೆ.
ಆರು ಹತ್ತು. ಆರೂವರೆ. ಏಳು.
ನೀಲಿಯಲ್ಲಿ ಹುಡುಕಿದ, ಕೆಂಪಿನಲ್ಲಿ, ಬೂದಿಯಲ್ಲಿ,
ವೈಕ್ಕೋನ ಗಾಳಿಯ ಅಡಿಯಲ್ಲೂ ಕೈಯಾಡಿಸಿದ.
ಜರಡಿಯೇ ಕಾಳು ನುಂಗಿತೇನೋ ಅಂತ ನನ್ನನ್ನು ಬೈದನಂತೆ
(ಅದನ್ನೂ ಮುಚ್ಚಿಡದೆ ಹೇಳಿದ).
ಏಳೂಕಾಲಿಗೆ ಫೋನು ಮಾಡಿದ,
ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಹಲ್ಲು ಕೀಳಿಸಲು ಹೊರಟಿದ್ದಳಂತೆ, ಕೆನ್ನೆ ಊದಿ.
"ಹೇಗಿದ್ದೀ ಅಂತ ಕೇಳಬೇಕಿತ್ತು,
ಎಷ್ಟು ಅಂತ ಕೇಳಿಬಿಟ್ಟೆ."
ಅವಳೋ ಊದಿದ ಬಾಯಲ್ಲೇ
"ನಲವತ್ತನಾಲ್ಕು, ರಾತ್ರಿಯೇ ನೋಡಿಟ್ಟಿದ್ದೆ" ಅಂದಳಂತೆ.
"ಅಷ್ಟು ಚಿಕ್ಕ ಅಂಕಿ ಬರೆಯುವವಳ ದನಿ
ಇಷ್ಟು ದಪ್ಪ ಅಂತ ಗೊತ್ತಿರಲಿಲ್ಲ."

ಸ್ವಲ್ಪ ಹೊತ್ತು ಕಿಟಕಿ ನೋಡಿದ.
"ಆ ಬೂದು ಕಡತ ಕಿತ್ತುಹಾಕು" ಅಂದ ಆಮೇಲೆ.
"ಅವಳನ್ನು ಹುಡುಕುವಾಗ ಅದರೊಳಗೆ
ನನ್ನದೇ ಒಂದು ಕೈಗವಸು ಸಿಕ್ಕಿತು."